ಅತ್ತೆಯ ಲೋಟದ ತೂಕ

ಸೊಸೆ ಹಿತ್ತಾಳೆ ಲೋಟದಲ್ಲಿ ಮೈದಾ ತುಂಬಿ, ಚಾಕುವಿನ ಬೆನ್ನಿನಿಂದ ಮೇಲೆ ಸವರಿ ಸಮ ಮಾಡಿ, ತಕ್ಕಡಿಯ ತಟ್ಟೆಗೆ ಸುರಿದಳು. ಇನ್ನೊಂದು ತಟ್ಟೆಯಲ್ಲಿ ತೂಕದ ಬಟ್ಟು ಇಟ್ಟಳು, ತೆಗೆದಳು, ಅದಕ್ಕಿಂತ ಚಿಕ್ಕದನ್ನು ಇಟ್ಟಳು. ಮುಳ್ಳು ನೆಟ್ಟಗೆ ನಿಲ್ಲುವವರೆಗೆ ಉಸಿರು ಬಿಗಿಹಿಡಿದು ಕಾದಳು.

"ನಿನ್ನ ಅತ್ತೆ ಯಾವತ್ತಾದ್ರೂ ಚಾಕು ಹಿಡಿದಿದ್ಲಾ?" ಎಂದರು ಮಾವ, ಮುಂದಿನ ಕೋಣೆಯಿಂದ.

ಮುಂದಿನ ಕೋಣೆಯೇ ಅವರ ಹೊಲಿಗೆ ಅಂಗಡಿ. ಮಿಷನ್ನಿನ ಮುಂದೆ ಕೂತರೆ ಅಡುಗೆಮನೆಯ ಕಟ್ಟೆ ನೇರವಾಗಿ ಕಾಣುತ್ತಿತ್ತು. ಹೆಂಡತಿ ಬದುಕಿದ್ದಾಗ ಮಿಷನ್ನನ್ನು ಹಾಗೆ ತಿರುಗಿಸಿ ಇಟ್ಟವರು ಅವರೇ. ಬೆಳಕು ಚೆನ್ನಾಗಿ ಬೀಳುತ್ತೆ ಎಂದು ನೆಪ ಹೇಳಿದ್ದರು.

"ಹಿಡಿದಿರ್ಲಿಲ್ಲ ಮಾವ. ಆದ್ರೆ ಒಂದೊಂದು ಸಲ ಒಂದೊಂದು ತೂಕ ಬಂದ್ರೆ ನಾನು ಏನಂತ ಬರೆಯೋದು?"

"ಬರೆಯೋಕೆ ಏನು ಅವಸರ? ಬಸ್ಸು ಹೊರಟಿದೆಯಾ?"

ಸೊಸೆ ಲೋಟವನ್ನು ಮಗುಚಿ, ಒಳಗೆ ಅಂಟಿದ್ದ ಹಿಟ್ಟನ್ನು ಬೆರಳಿನಿಂದ ತೆಗೆದಳು. ಲೋಟದ ತುಟಿಯಲ್ಲಿ ಒಂದು ಕಡೆ ಹೆಬ್ಬೆರಳು ಕೂರುವಷ್ಟು ಜಾಗ ಸವೆದು ನುಣ್ಣಗಾಗಿತ್ತು. ಅಲ್ಲಿ ತನ್ನ ಹೆಬ್ಬೆರಳು ಬೀಳದ ಹಾಗೆ ಅವಳು ಲೋಟವನ್ನು ಬೇರೆ ಕಡೆಯಿಂದ ಹಿಡಿಯುತ್ತಿದ್ದಳು.

ಅತ್ತೆ ತೀರಿಕೊಂಡದ್ದು ಊರಲ್ಲಿ ಚಳಿ ಹಿಡಿಯುವ ಮೊದಲು. ಮಧ್ಯಾಹ್ನ ಮಲಗಿದವರು ಚಹಾದ ಹೊತ್ತಿಗೆ ಏಳಲಿಲ್ಲ, ಅಷ್ಟೇ. ಅವರ ಮಗಳು ದೂರದ ಬೆಟ್ಟದ ಮೇಲೆ, ಅಣೆಕಟ್ಟು ಕಟ್ಟುವವರ ಕ್ಯಾಂಪಿನಲ್ಲಿ ಅಡುಗೆಯವಳು. ಅಲ್ಲಿ ಆಗಲೇ ಹಿಮ ಬಿದ್ದು ರಸ್ತೆ ಮುಚ್ಚಿತ್ತು, ತೆರೆಯುವವರೆಗೆ ಆ ಕಡೆಯಿಂದ ಯಾರೂ ಇಳಿಯುವಂತಿರಲಿಲ್ಲ. ಟಪಾಲು ಮಾತ್ರ ಹಿಮದ ಮೇಲೆ ಜಾರುವ ಗಾಲಿಯಿಲ್ಲದ ಬಂಡಿಯಲ್ಲೋ ಕೂಲಿಯವರ ಬೆನ್ನ ಮೇಲೋ ಹೇಗೋ ಹೋಗಿ ಬರುತ್ತಿತ್ತು. "ಇಳಿದು ಬರೋಕಾಗದವಳಿಗೆ ಹೇಳಿ ಕೊಲ್ಲೋದೇಕೆ, ರಸ್ತೆ ತೆರೀಲಿ" ಎಂದರು ಮಾವ. ಆಗ ಅದು ಎಲ್ಲರಿಗೂ ಸರಿಯಾಗಿಯೇ ಕಂಡಿತ್ತು.

ಅತ್ತೆಗೆ ಓದು ಬರಹ ಬರುತ್ತಿರಲಿಲ್ಲ. ಮದುವೆಯಾಗಿ ಬಂದ ದಿನದಿಂದ ಅವರ ಕಾಗದಗಳನ್ನು ಸೊಸೆಯೇ ಬರೆಯುತ್ತಿದ್ದಳು. ಅತ್ತೆ ಹೇಳುವುದು, ಇವಳು ಬರೆಯುವುದು. ಎಲ್ಲ ಕಾಗದವೂ "ಮಗಾ, ನಿನ್ನ ಅಮ್ಮ ಬರೆಸುವುದೇನೆಂದರೆ" ಎಂದೇ ಶುರುವಾಗುತ್ತಿತ್ತು. ತೀರಿಕೊಂಡ ಮೇಲೆ ಮಗಳ ಕಾಗದವೊಂದು ಬಂತು, ಅಮ್ಮಾ ಮಂಡಿನೋವು ಹೇಗಿದೆ ಎಂದು. ಮಾವ ಅದನ್ನು ಎರಡು ಸಲ ಓದಿಸಿಕೊಂಡರು. ಉತ್ತರ ಬರಿ ಎಂದರು. ಸೊಸೆ ಪೆನ್ನು ಹಿಡಿದು ಕೂತಳು. ಕೈ ತಾನಾಗಿಯೇ "ಮಗಾ, ನಿನ್ನ ಅಮ್ಮ ಬರೆಸುವುದೇನೆಂದರೆ" ಎಂದು ಬರೆದುಬಿಟ್ಟಿತು. ಮುಂದಿನದನ್ನು ಮಾವ ಹೇಳಿದರು: "ಮಂಡಿನೋವು ಈಗ ಸ್ವಲ್ಪವೂ ಇಲ್ಲ."

ಆ ಕಾಗದ ಹೋಯಿತು. ಅದಕ್ಕೆ ಬಂದ ಉತ್ತರವೇ ಈ ತಕ್ಕಡಿಯನ್ನು ಮನೆಗೆ ತಂದದ್ದು.

"ಅಮ್ಮಾ, ನಂಗೆ ಬಡ್ತಿ ಸಿಕ್ಕಿದೆ, ಬ್ರೆಡ್ಡು ಬಿಸ್ಕತ್ತು ಬೇಯಿಸೋ ಭಟ್ಟಿ ಕೋಣೆ ಪೂರಾ ನನ್ನ ಕೈಲಿ. ಇಲ್ಲಿ ಲೋಟ ಪಾವು ಯಾವುದೂ ನಡೆಯೋದಿಲ್ಲ, ಎಲ್ಲ ತೂಕ. ನಿನ್ನ ಶುಂಠಿ ಬಿಸ್ಕತ್ತು ಮಾಡೋಕೆ ಹೋಗಿ ನಗೆಪಾಟಲಾದೆ. ಲೋಟದ ಲೆಕ್ಕ ನೆನಪಿದೆ, ಮೂರು ಮೈದಾ, ಒಂದು ಸಕ್ಕರೆ, ಮುಕ್ಕಾಲು ಬೆಣ್ಣೆ, ಅರ್ಧ ಬೆಲ್ಲದ ಪಾಕ. ಆದ್ರೆ ನಿನ್ನ ಲೋಟ ಎಷ್ಟು ದೊಡ್ಡದು ಅಂತ ನಂಗೇನು ಗೊತ್ತು? ಅತ್ತಿಗೆ ಹತ್ರ ತೂಗಿಸಿ ಗ್ರಾಮಿನಲ್ಲಿ ಬರೆಸಿ ಕಳಿಸು."

ಸೊಸೆ ಅಂದೇ ಹೇಳಿದಳು, "ಈ ಸಲ ನಾನು ಸುಳ್ಳು ಬರೆಯೋದಿಲ್ಲ ಮಾವ. ಅಳತೆ ಬರೀತೀನಿ, ಅದರ ಜೊತೆಗೆ ಆಗಿದ್ದೂ ಬರೀತೀನಿ."

"ಬರಿ," ಎಂದರು ಮಾವ. "ಮೊದಲು ಅಳತೆ ಸರಿಯಾಗ್ಲಿ. ತಪ್ಪು ಅಳತೆ ಕೊಟ್ಟು ಸಾವಿನ ಸುದ್ದಿನೂ ಕೊಟ್ರೆ ಅವಳಿಗೆ ಏನು ಉಳೀತು?"

ಆ ಮಾತಿಗೆ ಎಲ್ಲರೂ ಒಪ್ಪಿದರು. ಬಿಸ್ಕತ್ತು ಅತ್ತೆಯದಾಗಿದೆ ಎಂದು ಮಾವ ಹೇಳಿದ ದಿನ ಕಾಗದ ಹೊರಡಬೇಕು.

*

ಮೊದಲ ಸಲ ಕೆಡಿಸಿದವನು ಮಗ, ಎಂದರೆ ಸೊಸೆಯ ಗಂಡ. ಅವನ ಕೆಲಸ ಲಾರಿ ತೂಗುವ ಕಟ್ಟೆಯಲ್ಲಿ. ದಿನವಿಡೀ ಕಲ್ಲು, ಮರಳು, ನೀರಿನ ಟ್ಯಾಂಕರು ತೂಗಿಸಿ ಚೀಟಿ ಕೊಡುವವನು.

"ಇದನ್ನೆಲ್ಲ ಬೇರೆ ಬೇರೆ ತೂಗೋದು ಯಾಕೆ?" ಎಂದ. "ಲೋಟದ ತುಂಬ ನೀರು ಹಾಕು, ತೂಗು. ಎಷ್ಟು ಬರುತ್ತೋ ಲೋಟದ ತೂಕ ಅದು. ಟ್ಯಾಂಕರಿಗೆ ನಾವು ಮಾಡೋದು ಅದೇ. ಲೀಟರಿಗೆ ಒಂದು ಕಿಲೋ."

"ಹಿಟ್ಟು ನೀರಾ ರೀ?"

"ಲೋಟ ಒಂದೇ ತಾನೆ?"

ಸೊಸೆಗೆ ಅನುಮಾನವಿತ್ತು. ಆದರೆ ತೂಗುವುದು ಅವನ ಕಸುಬು. ನೀರಿನ ಲೆಕ್ಕದಲ್ಲೇ ಮೈದಾ ತೂಗಿ ಹಾಕಿದಳು. ಹಿಟ್ಟು ಕಲಸುವಾಗಲೇ ಪುಡಿಪುಡಿಯಾಗಿ ಉದುರಿ, ಉಂಡೆ ಆಗಲೊಲ್ಲದು. ಒಲೆಯ ಮೇಲೆ ಕೂರಿಸುವ ತಗಡಿನ ಓವನ್ನಿನಿಂದ ಹೊರಗೆ ಬಂದದ್ದನ್ನು ತಟ್ಟೆಗೆ ಹಾಕಿದರೆ ಹೆಂಚು ಬಿದ್ದ ಸದ್ದು. ಊಟಕ್ಕೆ ಕೂತಾಗ ಮಗ ಒಂದನ್ನು ಕಚ್ಚಿ, ದವಡೆ ಹಿಡಿದುಕೊಂಡ.

"ಇದನ್ನ ಅಣೆಕಟ್ಟಿಗೆ ಕಳಿಸು ಅಮ್ಮ," ಎಂದಳು ಮೊಮ್ಮಗಳು. ಅವಳು ಕೇಳಿದ್ದನ್ನೆಲ್ಲ ತಿರುಗಿ ಹೇಳುತ್ತಾಳೆಂದು ಮನೆಯವರು ಅವಳನ್ನು ಗಿಣಿ ಎನ್ನುತ್ತಿದ್ದರು. "ಗೋಡೆಗೆ ಹಾಕ್ಲಿ."

ಎಲ್ಲರೂ ನಕ್ಕರು. ನಗು ಮುಗಿಯುವ ಹೊತ್ತಿಗೆ ಯಾರೋ ಒಬ್ಬರು ನಗದೆ ಉಳಿದಿದ್ದಾರೆ ಎನ್ನಿಸಿ ಸೊಸೆ ತಲೆ ಎತ್ತಿದಳು. ಮಾವನೂ ನಗುತ್ತಿದ್ದರು. ಅತ್ತೆ ಕೂರುತ್ತಿದ್ದ ಮಣೆ ಮಾತ್ರ ಗೋಡೆಗೆ ಒರಗಿ ನಿಂತಿತ್ತು.

*

ಎರಡನೆಯ ಸಲ ಅವಳು ಒಂದೊಂದನ್ನೂ ಬೇರೆ ಬೇರೆ ತೂಗಿದಳು. ಅದೇ ಲೋಟದಲ್ಲಿ ಸಕ್ಕರೆ ಇನ್ನೂರು ದಾಟಿದರೆ ಮೈದಾ ನೂರಮೂವತ್ತಕ್ಕೇ ನಿಂತಿತು. ಗಂಡನನ್ನು ಕರೆದು ತೋರಿಸಿದಳು. ಅವನು ಮುಳ್ಳನ್ನೇ ನೋಡಿ, "ಹಾಗಾದ್ರೆ ಮರಳಿನ ಲಾರಿಗೂ ಕಲ್ಲಿನ ಲಾರಿಗೂ..." ಎಂದು ಏನೋ ಲೆಕ್ಕ ಹಾಕುತ್ತ ಹೊರಗೆ ಹೋದ.

ಕಲಸಿದ ಹಿಟ್ಟನ್ನು ಲಟ್ಟಿಸುವಾಗ ಹಲಗೆಗೆ ಅಂಟಬಾರದಲ್ಲ. ತೂಕ ತಪ್ಪಬಾರದೆಂದು ಅವಳು ಹಲಗೆಗೆ ಎಣ್ಣೆ ಸವರಿ, ಮೇಲೆ ಎಣ್ಣೆ ಕಾಗದ ಹಾಸಿ ಲಟ್ಟಿಸಿದಳು. ಬಿಸ್ಕತ್ತು ಓವನ್ನಿನಲ್ಲಿ ಕರಗಿ, ಒಂದಕ್ಕೊಂದು ಅಂಟಿ, ಎಲೆಯ ಹಾಗೆ ತೆಳ್ಳಗಾದವು. ರುಚಿ ಇತ್ತು, ಸಿಹಿ ಜಾಸ್ತಿ.

ಮಾವ ಒಂದು ತುಂಡನ್ನು ನಾಲಿಗೆಯ ಮೇಲೆ ಇಟ್ಟುಕೊಂಡು ಕಣ್ಣು ಮುಚ್ಚಿದರು. "ಅವಳದಲ್ಲ," ಎಂದರು. ಆಮೇಲೆ ಬಹಳ ಹಗುರವಾಗಿ ಪೆಡಲು ತುಳಿಯತೊಡಗಿದರು.

ಮೂರನೆಯ ಸಲಕ್ಕೆ ಒಂದು ವಾರ ಹಿಡಿಯಿತು. ಶಾಲೆಯ ಸಮವಸ್ತ್ರದ ಹೊಲಿಗೆ ಒಟ್ಟಿಗೆ ಬಂದಿತ್ತು. ಸೊಸೆ ಕಾಜಾ ಹಾಕಿ ಗುಂಡಿ ಹೊಲಿಯುತ್ತ ಕೂತಿರುವಾಗ ಅಡುಗೆಮನೆಯಿಂದ ಟಕ್, ಟಕ್ ಎಂದು ಸದ್ದು ಬಂತು. ಅವಳ ಕೈಯ ಸೂಜಿ ನಿಂತಿತು. ಮಿಷನ್ನು ನಿಂತಿತು. ಮಾವ ತಿರುಗಿ ನೋಡದೆ ನೆಟ್ಟಗೆ ಕೂತಿದ್ದರು.

ಅತ್ತೆ ಲೋಟ ತುಂಬಿ ಕಟ್ಟೆಗೆ ಎರಡು ಸಲ ಕುಟ್ಟುತ್ತಿದ್ದ ಸದ್ದು ಅದು.

"ಯಾರೇ ಅಲ್ಲಿ?" ಎಂದಳು ಸೊಸೆ. ದನಿ ಅವಳದೇ ಅನ್ನಿಸಲಿಲ್ಲ.

"ನಾನು," ಎಂದಳು ಗಿಣಿ, ಲೋಟ ಹಿಡಿದು ಬಾಗಿಲಿಗೆ ಬಂದು. "ಅಜ್ಜಿ ಹೀಗೆ ಮಾಡ್ತಿದ್ಲಲ್ಲ. ಕುಟ್ಟಿದ್ರೆ ಹಿಟ್ಟು ಕೆಳಗೆ ಹೋಗುತ್ತೆ, ಇನ್ನೂ ಹಿಡಿಸುತ್ತೆ ನೋಡು."

ಹೌದು, ಹಿಡಿಸಿತು. ಕುಟ್ಟಿ ತುಂಬಿದ ಲೋಟ ಇನ್ನೂ ಹದಿನೈದು ಗ್ರಾಂ ಹೆಚ್ಚು ತೂಗಿತು. ಆ ಸಲದ ಬಿಸ್ಕತ್ತು ಅಂಚಿನಲ್ಲಿ ಗರಿಗರಿಯಾಗಿ, ನಡುವೆ ಸ್ವಲ್ಪ ಕುಸಿದಿತ್ತು. ಮಗ ಎರಡು ತಿಂದ. "ಇದೇ ಅಂತೀನಿ," ಎಂದ.

"ಹೆಂಚು ಮಾಡಿಸಿದವನೂ ನೀನೇ," ಎಂದರು ಮಾವ. "ಅಲ್ಲ. ಹತ್ರ ಬಂದಿದೆ. ಆದ್ರೆ ಅಲ್ಲ."

"ಹತ್ರ ಬಂದಿದೆ ಅಂತಾದ್ರೂ ಬರೆದು ಕಳಿಸ್ತೀನಿ ಮಾವ."

"ಮಾತು ಅಂದ್ರೆ ಮಾತು."

ಅವರ ಮುಖದಲ್ಲಿ ಹೆದರಿಕೆ ಇದ್ದದ್ದನ್ನು ಸೊಸೆ ಅಂದು ಕಂಡಳು. ಏಕೆಂದು ತಿಳಿಯಲಿಲ್ಲ.

*

ಆ ಮನೆಯಲ್ಲಿ ಆಗ ಸಿಕ್ಕಿದ್ದನ್ನೆಲ್ಲ ತೂಗುವ ಚಟ ಹತ್ತಿತ್ತು. ಗಿಣಿ ಅಜ್ಜನ ಕತ್ತರಿ ತೂಗಿದಳು, ಕನ್ನಡಕ ತೂಗಿದಳು, ಸೋಪು ಹಳೆಯದಾದ ಹಾಗೆ ಎಷ್ಟು ಇಳಿಯುತ್ತದೆ ಎಂದು ದಿನಾ ತೂಗಿದಳು. ಹಿಟ್ಟಿನ ಡಬ್ಬವನ್ನು ದಾರ ಕಟ್ಟಿ ತಕ್ಕಡಿಯ ಕೊಂಡಿಗೆ ನೇತುಹಾಕಿದಳು. ದಿನಸಿ ಅಂಗಡಿಯವನು ತನ್ನ ಹಳೆ ತಕ್ಕಡಿ ವಾಪಸು ಕೇಳಲು ಬಂದವನು, ಅದರಲ್ಲಿ ಬೆಕ್ಕನ್ನು ಕೂರಿಸಿದ್ದು ನೋಡಿ, ಇನ್ನೊಂದು ವಾರ ಇಟ್ಟುಕೊಳ್ಳಿ, ತೊಳೆದು ಕೊಡಿ ಎಂದು ಹೋದ.

ಆ ದಿನಗಳಲ್ಲೇ ಮಗಳ ಇನ್ನೊಂದು ಕಾಗದ ಬಂತು. ಪೋಸ್ಟಿನವನು ಹೊಸಬ. ಬಾಗಿಲಲ್ಲಿ ನಿಂತು ಲಕೋಟೆಯ ಮೇಲಿದ್ದ ಅತ್ತೆಯ ಹೆಸರನ್ನು ಜೋರಾಗಿ ಕೂಗಿದ. ಮಾವ ಟೇಪನ್ನು ಕೊರಳಿಗೆ ಹಾಕಿಕೊಂಡೇ ಎದ್ದು ಹೋಗಿ, "ಒಳಗಿದಾಳೆ, ಕೊಡಿ" ಎಂದು ಕೈ ಚಾಚಿದರು.

ಕಾಗದದಲ್ಲಿ ಇದ್ದದ್ದು: ರಸ್ತೆ ಇನ್ನೇನು ತೆರೆಯುತ್ತದೆ. ಮೊದಲ ಗಾಡಿಗೇ ಬರುತ್ತೇನೆ. ಬರುವಾಗ ನಿನ್ನ ಬಿಸ್ಕತ್ತು ಒಂದು ಡಬ್ಬ ಮಾಡಿ ತರುತ್ತೇನೆ. ನೀನೇ ತಿಂದು ಹೇಳಬೇಕು ಅಮ್ಮಾ, ಬೇರೆ ಯಾರ ಮಾತೂ ನಾನು ಕೇಳುವುದಿಲ್ಲ. ಅಳತೆ ಬೇಗ ಕಳಿಸು.

ರಾತ್ರಿ ಎಲ್ಲರೂ ಊಟಕ್ಕೆ ಕೂತಾಗ ಅದನ್ನು ಓದಿ ಮುಗಿಸಿ ಸೊಸೆ ಕಾಗದವನ್ನು ಮಡಿಸಲಿಲ್ಲ.

"ಡಬ್ಬ ಹಿಡ್ಕೊಂಡು ಈ ಬಾಗಿಲಿಗೆ ಬಂದು ಅಮ್ಮಾ ಅಂತಾಳೆ ಮಾವ. ಆಗ ಯಾರು ಹೊರಗೆ ಹೋಗ್ತೀರಿ?"

ಮಾವ ತಟ್ಟೆಯಲ್ಲಿ ಅನ್ನ ಕಲಸುತ್ತಲೇ ಇದ್ದರು.

"ಅಕ್ಷರ ನಂದು. ನಿಮ್ಮದಲ್ಲ, ಅತ್ತೇದೂ ಅಲ್ಲ. ಗೊತ್ತಾದ ದಿನ ಅವಳು ನನ್ನ ಮುಖ ನೋಡ್ತಾಳಾ? ಸತ್ತೋರ ಬಾಯಲ್ಲಿ ಮಾತಾಡಿದವಳು ಅಂತಾಳೆ."

"ಅವಳು ಹಾಗನ್ನೋಳಲ್ಲ."

"ಅನ್ನೋದಿಲ್ಲ. ಅನ್ಕೊತಾಳೆ. ಅದು ಇನ್ನೂ ಕೆಟ್ಟದ್ದು."

ಮಗ ಊಟದ ತಟ್ಟೆಯಿಂದ ತಲೆ ಎತ್ತಿ, "ಅಪ್ಪ, ಇನ್ನು ಸಾಕು," ಎಂದ. ಅವನು ಅಪ್ಪನ ಎದುರು ಹಾಗೆ ಮಾತಾಡಿದ್ದು ಕಡಿಮೆ. ಮಾವ ಅರ್ಧ ಊಟಕ್ಕೆ ಕೈ ತೊಳೆದರು. "ಸರಿ. ಇನ್ನೊಂದೇ ಸಲ ಮಾಡು," ಎಂದರು. "ಆಮೇಲೆ ಹೇಗೆ ಬಂದರೂ ಬರಿ."

*

ಮರುದಿನ ಗಿಣಿ ಶಾಲೆಗೆ ಹೋಗುವ ಮೊದಲು ಡಬ್ಬ ತೂಗಿ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದು ಹೋಗಿದ್ದಳು. ಸೊಸೆ ಲೋಟ ಕುಟ್ಟಿ ಮೂರು ಸಲ ಮೈದಾ ಅಳೆದು, ಪ್ರತಿ ಸಲವೂ ತೂಗಿ, ಪಾತ್ರೆಗೆ ಹಾಕಿ ಬಟ್ಟೆ ಮುಚ್ಚಿದಳು. ಅಷ್ಟರಲ್ಲಿ ಮುಂದಿನ ಕೋಣೆಗೆ ಗಿರಾಕಿ ಹೆಂಗಸೊಬ್ಬಳು ಬಂದಳು. ರವಿಕೆ ಬಿಗಿಯಾಗಿದೆ, ಬಿಡಿಸಿ ಎಂದು ತಕರಾರು. ಮಾವ ಅಲ್ಲಿರಲಿಲ್ಲ. ಸೊಸೆಯೇ ಹೋಗಿ, ರವಿಕೆ ಬಿಗಿಯಾಗಲು ಕಾರಣ ದಾರವಲ್ಲ ಎಂಬುದನ್ನು ನಯವಾಗಿ ಹೇಳಿ, ಹೊಲಿಗೆ ಬಿಚ್ಚಿಕೊಟ್ಟು ಬಂದಳು.

ಕಲಸುವಾಗ ಕೈಗೆ ಏನೋ ಬೇರೆ ಅನ್ನಿಸಿತು. ಹಿಟ್ಟು ಕಳೆದ ಸಲದ ಹಾಗೆ ಜಿಗುಟಾಗಿರಲಿಲ್ಲ. ಒಟ್ಟುಗೂಡಿ ಉಂಡೆಯಾಗಿ, ಪಾತ್ರೆ ಬಿಟ್ಟು ಚೊಕ್ಕಟವಾಗಿ ಎದ್ದಿತು. ಅತ್ತೆಯ ಕೈಯಲ್ಲಿ ಹಾಗೆ ಏಳುತ್ತಿತ್ತು. ಓವನ್ನಿನಿಂದ ಶುಂಠಿಯ ಘಮ ಎದ್ದು ಮನೆಯೆಲ್ಲ ಹರಡಿದಾಗ ಬೆಕ್ಕು ಎಲ್ಲಿಂದಲೋ ಬಂದು, ಗೋಡೆಗೆ ಒರಗಿಸಿದ ಮಣೆಯ ಬುಡದಲ್ಲಿ ಮಲಗಿತು. ಅತ್ತೆ ಹೋದ ಮೇಲೆ ಅದು ತಾನಾಗಿ ಅಡುಗೆಮನೆಗೆ ಕಾಲಿಟ್ಟಿರಲಿಲ್ಲ.

ಶಾಲೆಯಿಂದ ಬಂದ ಗಿಣಿ ಚೀಲ ಇಳಿಸುವ ಮೊದಲೇ ಒಂದನ್ನು ಬಾಯಿಗೆ ಹಾಕಿಕೊಂಡಳು. ಅಗಿಯುವುದನ್ನು ನಿಲ್ಲಿಸಿದಳು. "ಅಜ್ಜೀದು," ಎಂದಳು, ಮೆಲ್ಲಗೆ, ಹಿಂದೆ ತಿರುಗಿ ನೋಡುತ್ತ.

ಮಾವ ಕೈಗೆ ತೆಗೆದುಕೊಂಡರು, ಮೂಸಿದರು, ಕಚ್ಚಿದರು. ಅವಳದಲ್ಲ ಎನ್ನಲು ಬಾಯಿ ತೆರೆದವರು ಹಾಗೆಯೇ ಮಿಷನ್ನಿನ ಮೇಲೆ ಮೊಣಕೈ ಊರಿ ಮುಖ ಮುಚ್ಚಿಕೊಂಡರು.

ತೂಕ ಅದೇ, ಲೋಟ ಅದೇ. ಕಳೆದ ಸಲ ಬಾರದ್ದು ಈಗ ಹೇಗೆ ಬಂತು? ಸೊಸೆಗೆ ಅಡುಗೆಮನೆಯೊಳಗೆ ಹೋಗಲು ಅಳುಕಾಯಿತು. ಗಿಣಿಗೆ ಅಳುಕಿರಲಿಲ್ಲ. ಡಬ್ಬ ನೇತುಹಾಕಿ ತೂಗಿ, ಗೋಡೆಯ ಲೆಕ್ಕ ನೋಡಿ, "ಅಮ್ಮ, ನೀನು ಮೂರು ಲೋಟ ಅಂದ್ಯಲ್ಲ. ಡಬ್ಬದಲ್ಲಿ ಅದಕ್ಕಿಂತ ಜಾಸ್ತಿ ಖಾಲಿಯಾಗಿದೆ," ಎಂದಳು. "ಅಜ್ಜಿ ಬಂದು ಹಾಕಿರ್ಬೇಕು."

ಸೊಸೆ ಮಾವನ ಕಡೆ ನೋಡಿದಳು. ಅವರ ಬಲಗೈಯ ಅಂಗಿ ತೋಳಿನ ಮಡಿಕೆಯಲ್ಲಿ ಬಿಳಿ ಪುಡಿ ಇತ್ತು. ದರ್ಜಿಯ ತೋಳಿನಲ್ಲಿ ಸೀಮೆಸುಣ್ಣ ಇರುವುದೇ. ಆದರೆ ಅವರ ಸೀಮೆಸುಣ್ಣ ನೀಲಿ.

"ಮಾವ, ನೀವು ಹಾಕಿದ್ರಾ?"

"ಒಂದು ಹಿಡಿ," ಎಂದರು ಅವರು, ಮುಖ ಎತ್ತದೆ. "ಕೆಡ್ಲಿ ಅಂತ ಹಾಕ್ದೆ."

"ಯಾಕೆ?"

"ನಮ್ಮೆಲ್ಲರಿಗೂ ಅವಳು ಸತ್ತಿದಾಳೆ. ಬೀದಿಗೆಲ್ಲ ಸತ್ತಿದಾಳೆ. ಆ ಬೆಟ್ಟದ ಮೇಲೆ ಒಬ್ಬಳಿಗೆ ಮಾತ್ರ ಇನ್ನೂ ಮಂಡಿನೋವು ಕಮ್ಮಿಯಾಗಿ ಓಡಾಡ್ಕೊಂಡಿದಾಳೆ." ಅವರು ಕನ್ನಡಕ ತೆಗೆದು ಅಂಗಿಯಲ್ಲಿ ಒರೆಸಿದರು. "ಕಾಗದ ಹೋಯ್ತು ಅಂದ್ರೆ ಅಲ್ಲೂ ಮುಗೀತು. ಅಷ್ಟೇ ಕಣಮ್ಮ."

ಅವರು ಸೊಸೆಗೆ ಕಣಮ್ಮ ಎಂದದ್ದು ಅದೇ ಮೊದಲು. ಅವಳಿಗೆ ಬೈಯಬೇಕೆಂದಿದ್ದ ಮಾತೆಲ್ಲ ಎಲ್ಲಿಯೋ ಹೋಯಿತು. ಒಳಗೆ ಹೋಗಿ ಹಲಗೆ ತೊಳೆಯಲು ತೆಗೆದವಳು, ಅದಕ್ಕೆ ಸವರಿದ ಎಣ್ಣೆಯನ್ನೇ ನೋಡುತ್ತ ನಿಂತಳು.

ಅತ್ತೆ ಎಣ್ಣೆ ಸವರುತ್ತಿರಲಿಲ್ಲ. ಹಲಗೆಯ ಮೇಲೆ ಹಿಟ್ಟು ಉದುರಿಸುತ್ತಿದ್ದರು. ಲಟ್ಟಿಸಿ, ಕತ್ತರಿಸಿ, ಉಳಿದ ಅಂಚುಗಳನ್ನು ಆ ಉದುರು ಹಿಟ್ಟಿನ ಸಮೇತ ಒಟ್ಟುಮಾಡಿ ನಾದಿ, ಇನ್ನೊಂದು ಚಿಟಿಕೆ ಉದುರಿಸಿ ಮತ್ತೆ ಲಟ್ಟಿಸುತ್ತಿದ್ದರು. ಅದು ಯಾವ ಲೋಟದ ಲೆಕ್ಕಕ್ಕೂ ಸೇರುತ್ತಿರಲಿಲ್ಲ. ತೂಕ ತಪ್ಪಬಾರದೆಂದು ಎಣ್ಣೆ ಸವರಿದವಳು ತಾನೇ. ಆ ಹಿಡಿ ಹಿಟ್ಟನ್ನು ಬಿಟ್ಟುಬಿಟ್ಟವಳೂ ತಾನೇ.

"ಮಾವ, ಇಲ್ಲಿ ಬನ್ನಿ," ಎಂದಳು. "ಡಬ್ಬಕ್ಕೆ ಕೈ ಹಾಕಿ. ಆಗ ತೆಗೆದಷ್ಟೇ ತೆಗೀರಿ."

ಅವರು ತೆಗೆದ ಹಿಡಿಯನ್ನು ತಕ್ಕಡಿಯ ಮೇಲೆ ಬಿಡಿಸಿದಳು. ನಲವತ್ತೈದು ಗ್ರಾಂ.

*

ಮರುದಿನ ಮಧ್ಯಾಹ್ನದ ಬಿಸಿಲು ಮಿಷನ್ನಿನ ಮೇಲೆ ಬಿದ್ದಿತ್ತು. ಸೊಸೆ ಹಾಳೆ ಹಾಸಿ ಪೆನ್ನಿನ ಮುಚ್ಚಳ ತೆಗೆದಳು. ಕೈ ಹಳೆಯ ರೂಢಿಗೆ ಎಳೆಯಿತು. ಅವಳು ಅದನ್ನು ತಡೆದು, "ನಾನು, ನಿನ್ನ ಅತ್ತಿಗೆ, ಬರೆಯುವುದೇನೆಂದರೆ" ಎಂದು ಶುರುಮಾಡಿದಳು. ಮೈದಾ, ಸಕ್ಕರೆ, ಬೆಣ್ಣೆ, ಪಾಕ, ಒಣಶುಂಠಿ ಪುಡಿ, ಎಲ್ಲವನ್ನೂ ಗ್ರಾಮಿನಲ್ಲಿ ಬರೆದಳು. ಕೊನೆಗೆ, "ಹಲಗೆಗೆ ಉದುರಿಸೋಕೆ ನಲವತ್ತೈದು ಗ್ರಾಂ. ಇದು ನಿಮ್ಮಪ್ಪನ ಹಿಡಿ ತೂಗಿದ್ದು. ಇದನ್ನ ಬಿಟ್ಟರೆ ಬರೋದಿಲ್ಲ" ಎಂದು ಬರೆದಳು. ಹೋದ ಸಲದ ಕಾಗದ ಸುಳ್ಳು, ಅದನ್ನು ಬರೆದವಳು ತಾನೇ, ಯಾರೂ ಹೇಳಿಸಿರಲಿಲ್ಲ ಎಂದೂ ಬರೆದಳು.

ಅಲ್ಲಿ ಅವಳ ಪೆನ್ನು ನಿಂತಿತು. "ಇದರ ಮುಂದೆ ನಾನಲ್ಲ," ಎಂದು ಹಾಳೆಯನ್ನು ಮಾವನ ಕಡೆ ತಳ್ಳಿದಳು.

"ನನ್ನ ಅಕ್ಷರ ಕೋಳಿ ಕೆದಕಿದ ಹಾಗೆ. ಎದೆ ಸುತ್ತಳತೆ, ತೋಳು ಉದ್ದ, ಅಷ್ಟು ಬಿಟ್ಟು ನಾನು ಏನು ಬರೆದಿದೀನಿ?"

"ಅಷ್ಟೇ ಉದ್ದ ಬರೀರಿ ಸಾಕು."

ಅವರು ಹಾಳೆಯನ್ನು ತಮ್ಮ ಕಡೆ ತಿರುಗಿಸಿಕೊಂಡರು. ಮೊದಲು ಆ 'ಯಾರೂ ಹೇಳಿಸಿರಲಿಲ್ಲ' ಎಂಬ ಮಾತನ್ನು ಹೊಡೆದುಹಾಕಿ, ಮೇಲೆ 'ನಾನು ಹೇಳಿಸಿದೆ' ಎಂದು ತಿದ್ದಿದರು. ಆಮೇಲೆ ಕೆಳಗೆ, ಒಂದೊಂದು ಅಕ್ಷರವನ್ನೂ ಹೊಲಿದ ಹಾಗೆ ಬರೆದರು: ನಿನ್ನ ಅಮ್ಮ ಚಳಿಗೆ ಮುಂಚೆ ಹೋದಳು. ನಿದ್ದೆಯಲ್ಲಿ. ನೋವು ಪಡಲಿಲ್ಲ. ಹೇಳೋಕೆ ನನ್ನಿಂದ ಆಗಲಿಲ್ಲ. ಡಬ್ಬ ತಾ. ನಾನು ತಿಂದು ಹೇಳ್ತೀನಿ.

ಮಗ ಲಕೋಟೆ ಅಂಟಿಸಿ, ನಾನು ಹಾಕಿ ಬರ್ತೀನಿ ಎಂದ. ಮಾವ ಕೊಡಲಿಲ್ಲ. ಚಪ್ಪಲಿ ಮೆಟ್ಟಿ, ಟೇಪು ಕೊರಳಲ್ಲೇ ಇದ್ದದ್ದು ಮರೆತು ಬೀದಿಗಿಳಿದರು. ಸೊಸೆ ಹಿಂದೆಯೇ ಹೋದಳು.

ಅಂಚೆ ಕಚೇರಿಯಲ್ಲಿ ಬೆಟ್ಟದ ಕಡೆಯ ಚೀಲದ ಬಾಯಿ ಇನ್ನೂ ಕಟ್ಟಿರಲಿಲ್ಲ. ಕಿಟಕಿಯ ಹಿಂದಿದ್ದ ಗುಮಾಸ್ತ ಲಕೋಟೆಯನ್ನು ಹಿಂದೆ ಮುಂದೆ ತಿರುಗಿಸಿದ.

"ಕಳಿಸೋರ ಹೆಸರು ಬರೆದಿಲ್ಲ ಯಜಮಾನ್ರೆ. ಈ ವಿಳಾಸಕ್ಕೆ ಹೋಗೋದರ ಮೇಲೆ ಯಾವಾಗ್ಲೂ ಅಮ್ಮೋರ ಹೆಸರಿರುತ್ತೆ. ಅದನ್ನೇ ಹಾಕ್ಲಾ?"

ಸೊಸೆ ಮಾವನ ಬೆನ್ನನ್ನೇ ನೋಡುತ್ತಿದ್ದಳು.

"ಬೇಡ," ಎಂದರು ಮಾವ. "ಅವಳು ತೀರಿಕೊಂಡಳು. ಪೆನ್ನು ಕೊಡಿ."

ಅವರು ಕಿಟಕಿಯ ಹಲಗೆಗೆ ಒರಗಿ ತಮ್ಮ ಹೆಸರು ಬರೆದರು. ಗುಮಾಸ್ತ ಮುದ್ರೆ ಒತ್ತಿ, ಲಕೋಟೆಯನ್ನು ಚೀಲದೊಳಗೆ ಬಿಟ್ಟು, ಬಾಯಿ ಬಿಗಿದು ಕಟ್ಟಿದ.